ಪಾಪ, ಪಿಸ್ತೂಲಿಗೆ ಬೋರ್ಡಿನ ಭಯ

ಟೆಕ್ಸಸ್‌ನಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವವರ ಕಷ್ಟ ಒಂದಾ, ಎರಡಾ? ಒಂದು ಕಾಫಿ ಕುಡಿಯೋಣ ಅಂತ ಹೊರಟರೆ, ಅಂಗಡಿಯವನು ಬಾಗಿಲಿಗೆ ‘ಗನ್ ತರಬೇಡಿ’ ಅಂತ ಬೋರ್ಡ್ ತಗುಲಿಸಿರುತ್ತಾನೆ. ಅಲ್ಲಿವರೆಗೆ ಹೋಗಿ, ಓದಿ, ಮುಖ ಸಣ್ಣಗೆ ಮಾಡಿಕೊಂಡು ವಾಪಸ್ ಬರಬೇಕು. ಇವರ ಗೋಳು ನೋಡಲಾಗದೆ ಯಾರೋ ಪುಣ್ಯಾತ್ಮರು ಆ್ಯಪ್ ಮಾಡಿದ್ದಾರೆ. ಯಾವ ಅಂಗಡಿ, ಯಾವ ಹೋಟೆಲ್ ಗನ್ನಿಗೆ ಬಾಗಿಲು ಹಾಕಿದೆ ಅಂತ ಮೊದಲೇ ಹೇಳಿಬಿಡುತ್ತದೆ. ಹುಷಾರು, ಮುಂದೆ ಬೋರ್ಡ್ ಇದೆ! ಒಳಗೆ ಕಾಫಿ ಕುಡಿಯುತ್ತಾ ಕೂತವರಿಗೆ, ಬಾಗಿಲು ತಳ್ಳಿಕೊಂಡು ಬಂದವನ ಅಂಗಿಯಡಿ ಏನಿದೆ ಅಂತ ಹೇಳುವ ಆ್ಯಪ್ ಇಲ್ಲ. ಅವರಿಗೇನು ಅಪಾಯ, ಬಿಡಿ.

ಬೋರ್ಡ್ ಅಂದರೆ ಸುಮ್ನೆ ಪಿಸ್ತೂಲಿನ ಚಿತ್ರ ಬರೆದು ಮೇಲೊಂದು ಕೆಂಪು ಗೀಟು ಎಳೆದರೆ ಆಗಲ್ಲ. ಲೈಸೆನ್ಸ್ ಇದ್ದವರನ್ನು ತಡೆಯಬೇಕಾದರೆ ಅಲ್ಲಿನ ದಂಡ ಸಂಹಿತೆಯ 30.06ನೇ ಸೆಕ್ಷನ್ ಹೇಳಿಕೊಟ್ಟ ಉದ್ದನೆಯ ವಾಕ್ಯವೇ ಇರಬೇಕು. ಇಂಗ್ಲಿಷ್‌ನಲ್ಲೂ ಇರಬೇಕು, ಸ್ಪ್ಯಾನಿಷ್‌ನಲ್ಲೂ ಇರಬೇಕು. ಅಕ್ಷರ 1 ಇಂಚಿಗಿಂತ ಕಡಿಮೆ ಇರಬಾರದು. ಇದು ಬಟ್ಟೆಯೊಳಗೆ ಬಚ್ಚಿಟ್ಟ ಗನ್ನಿನ ಮಾತು. ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡವರಿಗೆ 2016ರಿಂದ 30.07 ಅಂತ ಇನ್ನೊಂದು ಬೋರ್ಡ್. 2021ರ ಸೆಪ್ಟೆಂಬರ್‌ನಿಂದ 21 ತುಂಬಿದ ಹೆಚ್ಚಿನವರಿಗೆ ಲೈಸೆನ್ಸೇ ಬೇಡ ಅಂದರು; ಅವರಿಗಾಗಿ 30.05, ಮೂರನೇ ಬೋರ್ಡ್. ಮೂರನ್ನೂ ಅಂಟಿಸಿದ ಮೇಲೆ ‘ಅಂಗಡಿ ತೆರೆದಿದೆ’ ಅಂತ ಹಾಕಲು ಬಾಗಿಲಲ್ಲಿ ಜಾಗ ಹುಡುಕಬೇಕು.

ಅಕ್ಷರ ಮುಕ್ಕಾಲು ಇಂಚಿದ್ದರೆ? ಬೋರ್ಡೇ ಲೆಕ್ಕಕ್ಕಿಲ್ಲ, ಧಾರಾಳವಾಗಿ ಒಳಗೆ ಹೋಗಿ ಅನ್ನುವ ಪಂಡಿತರಿದ್ದಾರೆ. ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡವನಿಗೆ ಗುರಿ ಹಿಡಿಯೋಕೆ ಬರುತ್ತಾ ಅಂತ ಸರ್ಕಾರ ಕೇಳಲ್ಲ. ಬೋರ್ಡ್ ಬರೆಸಿದವನ ಕೈಯಲ್ಲಿ ಮಾತ್ರ ಸ್ಕೇಲು ಇರಬೇಕು.

ಬಾರ್‌ಗಳದ್ದು ಇನ್ನೂ ಚೆಂದ. ಅಲ್ಲೇ ಕೂತು ಕುಡಿಯುವ ಮದ್ಯದಿಂದ 51% ಅಥವಾ ಅದಕ್ಕಿಂತ ಜಾಸ್ತಿ ಆದಾಯ ಬರುವ ಜಾಗದಲ್ಲಿ ಕೆಂಪಗೆ ‘51%’ ಅಂತ ಬರೆದಿರುತ್ತಾರೆ. ಅಲ್ಲಿಗೆ ಗನ್ ತರುವಂತಿಲ್ಲ. 50% ಇದ್ದರೆ ಲೈಸೆನ್ಸುದಾರರಿಗೆ ಆ ತಡೆ ಇಲ್ಲ. ಅಂದರೆ ಪಕ್ಕದ ಟೇಬಲ್ಲಿನವನ ಹತ್ತಿರ ಗನ್ ಇರಬಹುದಾ ಅನ್ನೋದು, ಆ ಹೋಟೆಲಿನಲ್ಲಿ ಬರ್ಗರ್ ಎಷ್ಟು ಖರ್ಚಾಯಿತು ಅನ್ನೋದರ ಮೇಲೆ ನಿಂತಿದೆ.

ದೇವರಿಗೂ ಬಿಡುವಿಲ್ಲ. 2019ರ ಕಾನೂನಿನ ಪ್ರಕಾರ ಪ್ರಾರ್ಥನಾ ಮಂದಿರದವರು ಬೇಡ ಅಂತ ತಿಳಿಸದಿದ್ದರೆ, ಲೈಸೆನ್ಸ್ ಇದ್ದವರು ಅಲ್ಲಿಗೂ ಗನ್ ಒಯ್ಯಬಹುದು. ಡಲ್ಲಾಸ್, ಹ್ಯೂಸ್ಟನ್‌ನ ನಮ್ಮ ಕನ್ನಡಿಗರು ಹೋಗುವ ದೇವಸ್ಥಾನಗಳಿಗೂ ಇದೇ ನಿಯಮ. ಚಪ್ಪಲಿ ಹೊರಗೆ ಬಿಡಿ ಅನ್ನೋಕೆ ಅರ್ಧ ಸಾಲು ಸಾಕು. ಪಿಸ್ತೂಲು ಹೊರಗೆ ಬಿಡಿ ಅನ್ನೋಕೆ ಎರಡು ಭಾಷೆಯಲ್ಲಿ ಸೆಕ್ಷನ್ ಬರೆಸಬೇಕು.

ಇಷ್ಟಾಗಿಯೂ ಬೋರ್ಡ್ ನೋಡದೆ ಒಳಗೆ ಹೋದವನಿಗೆ ಸಾಮಾನ್ಯವಾಗಿ 200 ಡಾಲರ್‌ವರೆಗೆ ದಂಡ. ಹೊರಗೆ ಹೋಗಪ್ಪ ಅಂತ ಬಾಯಿಬಿಟ್ಟು ಹೇಳಿದರೂ ಹೋಗದಿದ್ದರೆ ಆಗ ಅಪರಾಧ ದೊಡ್ಡದು. ಆ ಮಾತನ್ನು ಗನ್ ಇದ್ದವನಿಗೆ ಯಾರು ಹೇಳಬೇಕು? ಕೌಂಟರಿನಲ್ಲಿ ಕಾಫಿ ಕೊಡುವ ಹುಡುಗಿ.

ಇನ್ನು ಗನ್ನು ಪ್ರಿಯರ ದೊಡ್ಡ ಸಂಘ ಎನ್‌ಆರ್‌ಎ. 2022ರ ಮೇ ತಿಂಗಳಲ್ಲಿ ಅದರ ವಾರ್ಷಿಕ ಸಭೆ ಹ್ಯೂಸ್ಟನ್‌ನಲ್ಲಿ ನಡೆಯಿತು. ಟ್ರಂಪ್ ಭಾಷಣ ಮಾಡುವ ಸಭಾಂಗಣಕ್ಕೆ ಗನ್ ತರುವಂತಿಲ್ಲ ಅಂತ ಅಧ್ಯಕ್ಷರು, ಮಾಜಿ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್‌ನ ಕಟ್ಟಪ್ಪಣೆ. ಯಾರೂ ಅಕ್ಷರ ಅಳೆಯೋಕೆ ಹೋಗಲಿಲ್ಲ. ತೆಪ್ಪಗೆ ಮೆಟಲ್ ಡಿಟೆಕ್ಟರ್ ದಾಟಿ, ಒಳಗೆ ಕೂತು, ಗನ್ ಇದ್ದ ಕಡೆ ಜನ ಎಷ್ಟು ಸುರಕ್ಷಿತ ಅನ್ನೋ ಭಾಷಣಕ್ಕೆ ಚಪ್ಪಾಳೆ ಹೊಡೆದರು.