ಒಂದೇ ತಾರೀಖಿಗೆ ಐದಾರು ದಿನಾಚರಣೆ ಬಂದ್ರೆ ಮೊದಲ ಜಾಗ ಯಾರಿಗೆ?

ಮಾರ್ಚ್ 21 ಬಂತು ಅಂದ್ರೆ ಇಲ್ಲೆಲ್ಲ ಕವಿತೆಗಳೇ ಕವಿತೆಗಳು. ವಿಶ್ವ ಕಾವ್ಯ ದಿನ ಅಂತ ಎಲ್ಲರೂ ತಮಗಿಷ್ಟವಾದ ನಾಲ್ಕು ಸಾಲು ಹಾಕ್ತಾರೆ, ಇನ್ನೊಂದಿಷ್ಟು ಜನ ಅರಣ್ಯ ದಿನ ಅಂತ ಕಾಡಿನ ಫೋಟೋ ಹಾಕ್ತಾರೆ, ಅದೇ ದಿನ ಡೌನ್ ಸಿಂಡ್ರೋಮ್ ದಿನ, ಅದೇ ದಿನ ಪರ್ಷಿಯನ್ ಹೊಸ ವರ್ಷ ನೌರೋಜ್, ಈಗ 2025ರಿಂದ ಹಿಮನದಿಗಳ ದಿನ ಕೂಡ ಅಲ್ಲಿಗೇ ಬಂದು ಸೇರ್ಕೊಂಡಿದೆ. ಇದ್ಯಾವುದರ ಬಗ್ಗೆನೂ ನನಗೆ ತಕರಾರಿಲ್ಲ, ಎಲ್ಲವೂ ಬೇಕಾದ್ದೇ. ಆದರೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇವೆಲ್ಲಕ್ಕಿಂತ ಮೊದಲು ಆ ತಾರೀಖಿಗೆ ಬಂದದ್ದು ಜನಾಂಗೀಯ ತಾರತಮ್ಯ ನಿರ್ಮೂಲನಾ ದಿನ. ಅದರ ಬಗ್ಗೆ ಒಂದು ಪೋಸ್ಟ್ ಹುಡುಕಬೇಕು ಅಂದ್ರೆ ಬಹಳ ಕೆಳಗೆ ಹೋಗ್ಬೇಕು.

ಆ ತಾರೀಖು ಯಾಕೆ ಅಂತ ಹೇಳ್ತೀನಿ. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್ ಅನ್ನೋ ಊರಲ್ಲಿ ಕಪ್ಪು ಜನ ಪಾಸ್ ಕಾನೂನಿನ ವಿರುದ್ಧ ಪೊಲೀಸ್ ಠಾಣೆ ಮುಂದೆ ಸೇರಿದ್ರು. ತಮ್ಮದೇ ದೇಶದಲ್ಲಿ ಓಡಾಡೋಕೆ ಕಪ್ಪು ಜನ ಯಾವಾಗಲೂ ಜೇಬಲ್ಲಿ ಪಾಸ್ ಇಟ್ಕೊಂಡಿರಬೇಕು, ಇಲ್ಲದಿದ್ರೆ ಜೈಲು, ಅದು ಆ ಕಾನೂನು. ಪೊಲೀಸರು ಗುಂಡು ಹಾರಿಸಿದ್ರು, ಸರ್ಕಾರಿ ಲೆಕ್ಕದಲ್ಲೇ 69 ಜನ ಸತ್ರು, ಅದರಲ್ಲಿ ಎಷ್ಟೋ ಜನಕ್ಕೆ ಗುಂಡು ಬಿದ್ದದ್ದು ಬೆನ್ನಿಗೆ, ಅಂದ್ರೆ ಓಡಿ ಹೋಗ್ತಿದ್ದವರಿಗೆ. 1966ರಲ್ಲಿ ವಿಶ್ವಸಂಸ್ಥೆ ಆ ತಾರೀಖನ್ನ ಅಂತಾರಾಷ್ಟ್ರೀಯ ದಿನ ಅಂತ ಘೋಷಿಸ್ತು. ದಕ್ಷಿಣ ಆಫ್ರಿಕಾದಲ್ಲಿ ಇವತ್ತಿಗೂ ಅದು ಮಾನವ ಹಕ್ಕುಗಳ ದಿನ, ಸರ್ಕಾರಿ ರಜೆ. ಪಕ್ಕದ ನಮೀಬಿಯಾ ದಕ್ಷಿಣ ಆಫ್ರಿಕಾದ ಆಳ್ವಿಕೆಯಿಂದ ಬಿಡಿಸ್ಕೊಂಡು ಸ್ವತಂತ್ರ ಆದದ್ದೂ 1990ರ ಮಾರ್ಚ್ 21ರಂದೇ.

ಕಾವ್ಯ ದಿನವನ್ನ ಯುನೆಸ್ಕೋ ಘೋಷಿಸಿದ್ದು 1999ರಲ್ಲಿ. ಕವಿತೆ ವರ್ಷದ ಯಾವ ದಿನ ಓದಿದ್ರೂ ಕವಿತೆನೇ, ಆದರೆ ಶಾರ್ಪ್‌ವಿಲ್‌ಗೆ ಇನ್ನೊಂದು ತಾರೀಖು ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ಒಂದೇ ದಿನಕ್ಕೆ ಹಲವು ಆಚರಣೆ ಬಂದಾಗ, ಆ ದಿನ ಜೀವ ಕಳ್ಕೊಂಡವರ ನೆನಪಿಗೆ ಮೊದಲ ಜಾಗ ಕೊಡಬೇಕು, ಉಳಿದವು ಅದರ ನಂತರ. ಮತ್ತೆ ಯಾವ ದಿನ ಆಚರಿಸಿದ್ರೂ ಆ ತಾರೀಖೇ ಯಾಕೆ ಅನ್ನೋದನ್ನ ಒಂದೇ ಒಂದು ವಾಕ್ಯದಲ್ಲಾದ್ರೂ ಹೇಳ್ಬೇಕು.

ಕಾರಣ ಇರೋ ತಾರೀಖು ಎಲ್ಲವೂ ದುಃಖದ್ದೇ ಆಗಿರಬೇಕು ಅಂತಲ್ಲ. ಡೌನ್ ಸಿಂಡ್ರೋಮ್ ದಿನ ನೋಡಿ, 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತೆ, ಅದಕ್ಕೇ 21 ಮತ್ತು 3, ಅಂದ್ರೆ ಮೂರನೇ ತಿಂಗಳ 21. ಎಷ್ಟು ಯೋಚನೆ ಮಾಡಿ ಆರಿಸಿದ್ದಾರೆ! ಒಂದ್ಸಲ ಕೇಳಿದ್ರೆ ಮರೆಯೋದೇ ಇಲ್ಲ, ಆ ಮಗು ಯಾಕೆ ಹಾಗಿದೆ ಅನ್ನೋದೂ ತಾರೀಖಿನಲ್ಲೇ ಇದೆ. ನೌರೋಜ್‌ಗೆ ಸೂರ್ಯನೇ ತಾರೀಖು ಕೊಟ್ಟಿದ್ದಾನೆ, ಹಗಲು ರಾತ್ರಿ ಸಮ ಆಗೋ ದಿನ.

ಇನ್ನು ನಮ್ಮ ದೇಶದ ವಿಷಯಕ್ಕೆ ಬರ್ತೀನಿ, ನವೆಂಬರ್ 14. ನೆಹರೂ ಹುಟ್ಟಿದ್ದು 1889ರ ನವೆಂಬರ್ 14, ಹಾಗಾಗಿ ಭಾರತದಲ್ಲಿ ಮಕ್ಕಳ ದಿನಾಚರಣೆ. ಸಕ್ಕರೆ ಕಾಯಿಲೆಗೆ ಕೊಡೋ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14, ಹಾಗಾಗಿ ಜಗತ್ತಿಗೆಲ್ಲ ಮಧುಮೇಹ ದಿನ. ಒಂದೇ ತಾರೀಖಿಗೆ ಎರಡು ಜನ್ಮದಿನ, ಕಾಕತಾಳೀಯ ಅಷ್ಟೇ. ಆಗೋದೇನಂದ್ರೆ ಶಾಲೆಯಲ್ಲಿ ಒಂದು ಕಾರ್ಯಕ್ರಮ, ಆಸ್ಪತ್ರೆಯಲ್ಲಿ ಇನ್ನೊಂದು. ಶಾಲೆಯಲ್ಲಿ ಮಕ್ಕಳು, ಆಸ್ಪತ್ರೆ ಶಿಬಿರದಲ್ಲಿ ನಲವತ್ತು ದಾಟಿದ ದೊಡ್ಡವರು. ಇವೆರಡೂ ಒಂದನ್ನೊಂದು ಮುಟ್ಟೋದೇ ಇಲ್ಲ.

ಆದರೆ ಇನ್ಸುಲಿನ್ ಕಥೆ ಗೊತ್ತಿದ್ದವರಿಗೆ ಇದು ಬಹಳ ಬೇಜಾರು ತರೋ ವಿಷಯ, ಯಾಕಂದ್ರೆ ಆ ಕಥೆ ಶುರುವಾಗೋದೇ ಮಕ್ಕಳಿಂದ. ಇನ್ಸುಲಿನ್ ಬರೋ ಮೊದಲು ಟೈಪ್ ಒನ್ ಡಯಾಬಿಟಿಸ್, ಅಂದ್ರೆ ದೇಹ ತಾನೇ ಇನ್ಸುಲಿನ್ ಮಾಡೋದು ನಿಂತುಹೋಗೋ ಸಕ್ಕರೆ ಕಾಯಿಲೆ, ಬಂದ ಮಗು ಉಳೀತಿರಲಿಲ್ಲ, ಡಾಕ್ಟರುಗಳ ಕೈಲಿದ್ದ ಒಂದೇ ದಾರಿ ಊಟ ಕಡಿಮೆ ಮಾಡಿ ಮಾಡಿ ಉಪವಾಸದಲ್ಲಿಟ್ಟು ಸಾವನ್ನ ಸ್ವಲ್ಪ ಮುಂದಕ್ಕೆ ತಳ್ಳೋದು. ಅಂಥ ಕಾಲದಲ್ಲಿ 1921ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಲಿಯೋಡ್ ಅವರ ಲ್ಯಾಬಿನಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಕೆಲಸ ಶುರು ಮಾಡಿದ್ರು, ಆಮೇಲೆ ಜೇಮ್ಸ್ ಕಾಲಿಪ್ ಬಂದು ಅದನ್ನ ಶುದ್ಧ ಮಾಡೋ ದಾರಿ ಕಂಡ್ಕೊಂಡ್ರು. 1922ರ ಜನವರಿಯಲ್ಲಿ ಮೊದಲ ಇಂಜೆಕ್ಷನ್ ತಗೊಂಡವನು ಲಿಯೊನಾರ್ಡ್ ಥಾಂಪ್ಸನ್, 14 ವರ್ಷದ ಹುಡುಗ. ಮೊದಲ ಸಲ ಔಷಧಿ ಅಷ್ಟು ಶುದ್ಧ ಇರಲಿಲ್ಲ, ಅಲರ್ಜಿ ಆಯ್ತು, ನಿಲ್ಲಿಸಿದ್ರು. ಸುಮಾರು ಎರಡು ವಾರ ಹಗಲು ರಾತ್ರಿ ಕೆಲಸ ಮಾಡಿ ಮತ್ತೆ ಕೊಟ್ರು, ಈ ಸಲ ಸಕ್ಕರೆ ಇಳೀತು. ಆ ಹುಡುಗ ಆಮೇಲೆ ಇನ್ನೂ ಹದಿಮೂರು ವರ್ಷ ಬದುಕಿದ. ಪೇಟೆಂಟನ್ನ ಸಂಶೋಧಕರು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟುಬಿಟ್ರು. 1923ರಲ್ಲಿ ನೊಬೆಲ್ ಬಂದಾಗ ಹೆಸರಿದ್ದದ್ದು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಇಬ್ಬರದ್ದೇ, ಬ್ಯಾಂಟಿಂಗ್ ತನ್ನ ಪಾಲಿನ ಹಣದಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ರು, ಮ್ಯಾಕ್ಲಿಯೋಡ್ ಅರ್ಧ ಕಾಲಿಪ್‌ಗೆ ಕೊಟ್ರು.

ಇಂಥ ಕಥೆ ಮಕ್ಕಳ ದಿನಾಚರಣೆಯಲ್ಲಿ ಹೇಳದೆ ಇನ್ಯಾವಾಗ ಹೇಳೋದು? ವೇಷಭೂಷಣ ಸ್ಪರ್ಧೆ ಇರಲಿ, ಹಾಡು ಇರಲಿ, ಅದರ ಜೊತೆ ಹತ್ತು ನಿಮಿಷ ತಗೊಂಡು ಟೀಚರುಗಳಿಗೆ, ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಿ: ಮಗುವಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರಕ್ಕೆ ಹೋಗೋದು, ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಬಿಟ್ಟಿದ್ದ ಮಗು ಮತ್ತೆ ಶುರು ಮಾಡೋದು, ಸುಮ್ಮಸುಮ್ಮನೆ ತೂಕ ಇಳಿಯೋದು, ಸದಾ ಸುಸ್ತು, ಇವು ಕಂಡ್ರೆ ಅವತ್ತೇ ಸಕ್ಕರೆ ಟೆಸ್ಟ್ ಮಾಡಿಸಿ. ಮಕ್ಕಳಿಗೆಲ್ಲ ಎಲ್ಲಿ ಶುಗರ್ ಬರುತ್ತೆ ಅನ್ನೋ ನಂಬಿಕೆಯಿಂದ ತಡ ಮಾಡಿದ್ರೆ ಮಗುವಿನ ಜೀವಕ್ಕೇ ಅಪಾಯ. ಈಗಾಗಲೇ ಇನ್ಸುಲಿನ್ ತಗೊಳ್ತಿರೋ ಮಗು ಕ್ಲಾಸಲ್ಲಿದ್ರೆ ಅದಕ್ಕೆ ಮಧ್ಯದಲ್ಲಿ ತಿನ್ನೋಕೆ, ಟೆಸ್ಟ್ ಮಾಡ್ಕೊಳ್ಳೋಕೆ, ಇಂಜೆಕ್ಷನ್ ತಗೊಳ್ಳೋಕೆ ಅವಕಾಶ ಕೊಡಿ, ಕದ್ದು ಮುಚ್ಚಿ ಮಾಡೋ ಹಾಗೆ ಮಾಡ್ಬೇಡಿ. ಎರಡು ದಿನಾಚರಣೆ ಒಂದೇ ದಿನ ಬಿದ್ದದ್ದು ಇಂಥ ಮಕ್ಕಳ ಪಾಲಿಗೆ ಅದೃಷ್ಟ, ಅದನ್ನ ನಾವು ಬಳಸ್ಕೊಳ್ತಾನೇ ಇಲ್ಲ ಅನ್ನೋದು ನನ್ನ ಸಂಕಟ.

ಹೀಗೆ ತಾನಾಗೇ ಕೂಡಿಬರೋ ಜೋಡಿಗಳು ಇನ್ನೂ ಇವೆ. ಜನವರಿ 24 ನಮ್ಮಲ್ಲಿ ರಾಷ್ಟ್ರೀಯ ಹೆಣ್ಣುಮಕ್ಕಳ ದಿನ, ಜಗತ್ತಿಗೆ ಶಿಕ್ಷಣ ದಿನ, ಇದಕ್ಕೆ ವಿವರಣೆನೇ ಬೇಡ. ಜನವರಿ 30 ಗಾಂಧೀಜಿ ಹತ್ಯೆಯಾದ ದಿನ, ಹುತಾತ್ಮರ ದಿನ, ಅದೇ ದಿನ ನಮ್ಮಲ್ಲಿ ಕುಷ್ಠರೋಗ ನಿವಾರಣಾ ದಿನ ಕೂಡ. ಇದು ಬೇಕಂತಲೇ ಇಟ್ಟದ್ದು, ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿ ಅನ್ನೋ ಕುಷ್ಠರೋಗಿಯ ಗಾಯಗಳನ್ನ ಗಾಂಧೀಜಿ ತಾವೇ ತೊಳೆದು ಆರೈಕೆ ಮಾಡ್ತಿದ್ರು, ಬೇರೆಯವರು ಹತ್ತಿರ ಹೋಗೋಕೂ ಹೆದರ್ತಿದ್ದ ಕಾಲದಲ್ಲಿ. ಇಲ್ಲಿ ಒಂದು ಆಚರಣೆ ಇನ್ನೊಂದನ್ನ ಮುಚ್ಚಲ್ಲ, ಎರಡೂ ಸೇರಿ ದೊಡ್ಡದಾಗುತ್ತೆ.

ಹಾಗಂತ ಎಲ್ಲವನ್ನೂ ಎಳೆದು ತಂದು ಗಂಟು ಹಾಕ್ಬೇಕಾಗಿಲ್ಲ. ಆಗಸ್ಟ್ 29 ಹಾಕಿ ಆಟಗಾರ ಧ್ಯಾನ್ ಚಂದ್ ಹುಟ್ಟಿದ ದಿನ, ನಮಗೆ ರಾಷ್ಟ್ರೀಯ ಕ್ರೀಡಾ ದಿನ. ಅದೇ ದಿನ ಅಣುಪರೀಕ್ಷೆ ವಿರೋಧಿ ದಿನ, ಯಾಕಂದ್ರೆ ಕಜಕಸ್ತಾನದ ಸೆಮಿಪಲಾಟಿನ್ಸ್ಕ್ ಪರೀಕ್ಷಾ ಸ್ಥಳವನ್ನ 1991ರ ಆಗಸ್ಟ್ 29ರಂದು ಮುಚ್ಚಿದ್ರು, ಸೋವಿಯತ್ ಒಕ್ಕೂಟದ ಮೊದಲ ಅಣುಬಾಂಬ್ ಅಲ್ಲೇ ಸಿಡಿದದ್ದು 1949ರ ಅದೇ ಆಗಸ್ಟ್ 29ರಂದು. ಹಾಕಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಇರಬೇಕಾಗೂ ಇಲ್ಲ. ಬೆಳಿಗ್ಗೆ ಮಕ್ಕಳನ್ನ ಮೈದಾನಕ್ಕೆ ಬಿಟ್ಟು, ಅದೇ ದಿನ ಸೆಮಿಪಲಾಟಿನ್ಸ್ಕ್ ಸುತ್ತಲಿನ ಹಳ್ಳಿಗಳ ಜನ ತಲೆಮಾರುಗಟ್ಟಲೆ ಏನು ಅನುಭವಿಸಿದ್ರು ಅಂತ ಅವರಿಗೆ ತಿಳಿಸಬಹುದು. ಒಂದು ದಿನದಲ್ಲಿ ಎರಡಕ್ಕೂ ಜಾಗ ಇದೆ.

ತಾರೀಖು ಆರಿಸೋದು ಎಷ್ಟು ದೊಡ್ಡ ಜವಾಬ್ದಾರಿ ಅನ್ನೋದಕ್ಕೆ ಜರ್ಮನಿಯನ್ನ ನೋಡ್ಬೇಕು. ಬರ್ಲಿನ್ ಗೋಡೆ ತೆರೆದದ್ದು 1989ರ ನವೆಂಬರ್ 9. ಅಷ್ಟು ಸಂತೋಷದ ದಿನ, ಅದನ್ನೇ ರಾಷ್ಟ್ರೀಯ ಹಬ್ಬ ಮಾಡಬಹುದಿತ್ತು. ಆದರೆ 1938ರ ಅದೇ ನವೆಂಬರ್ 9ರ ರಾತ್ರಿ ನಾಜಿಗಳು ದೇಶದ ತುಂಬ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದ್ರು, ಅಂಗಡಿಗಳನ್ನ ಒಡೆದ್ರು, ಸಾವಿರಾರು ಜನರನ್ನ ಹಿಡಿದು ಕ್ಯಾಂಪುಗಳಿಗೆ ಕಳಿಸಿದ್ರು. ಆ ತಾರೀಖಿನಲ್ಲಿ ಪಟಾಕಿ ಹೊಡೆಯೋಕಾಗಲ್ಲ ಅಂತ ಅವರು ಎರಡು ಜರ್ಮನಿಗಳು ಅಧಿಕೃತವಾಗಿ ಒಂದಾದ 1990ರ ಅಕ್ಟೋಬರ್ 3ನ್ನ ಏಕತಾ ದಿನ ಮಾಡ್ಕೊಂಡ್ರು. ನನಗೆ ಇದು ಬಹಳ ಘನತೆಯ ನಿರ್ಧಾರ ಅನ್ಸುತ್ತೆ. ಸಂತೋಷವನ್ನ ಬೇರೆ ದಿನಕ್ಕೆ ಹಾಕ್ಕೊಬಹುದು, ಸತ್ತವರ ದಿನವನ್ನ ಬದಲಿಸೋಕಾಗಲ್ಲ.

ನಮ್ಮವರು ಇದರ ಉಲ್ಟಾ ದಾರಿ ಹಿಡಿದ್ರು, ಅದೂ ಅಷ್ಟೇ ಯೋಚಿಸಿ. ಸಂವಿಧಾನ ಅಂಗೀಕಾರ ಆದದ್ದು 1949ರ ನವೆಂಬರ್ 26, ಆದರೆ ಪೂರ್ತಿ ಜಾರಿಗೆ ತಂದದ್ದು 1950ರ ಜನವರಿ 26. ಯಾಕಂದ್ರೆ 1930ರ ಜನವರಿ 26ನ್ನ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ದಿನ ಅಂತ ಆಚರಿಸಿತ್ತು, ಆ ನೆನಪು ಅಳಿಸಿ ಹೋಗಬಾರದು ಅಂತ ಗಣರಾಜ್ಯವನ್ನ ಅದರ ಮೇಲೇ ಕೂರಿಸಿದ್ರು. ಅದೇ ಜನವರಿ 26 ಆಸ್ಟ್ರೇಲಿಯಾ ದಿನ ಕೂಡ, 1788ರಲ್ಲಿ ಬ್ರಿಟಿಷ್ ಹಡಗುಗಳ ತಂಡ ಸಿಡ್ನಿಯಲ್ಲಿ ಬಾವುಟ ನೆಟ್ಟ ದಿನ. ಅಲ್ಲಿನ ಮೂಲನಿವಾಸಿಗಳಿಗೆ ಅದು ತಮ್ಮ ನೆಲ ಹೋದ ದಿನ, 1938ರಲ್ಲೇ ಅವರು ಸಿಡ್ನಿಯಲ್ಲಿ ಸೇರಿ ಅದನ್ನ ಶೋಕದ ದಿನ ಅಂತ ಕರೆದಿದ್ರು. ಒಂದೇ ದೇಶದ ಒಳಗೆ, ಒಂದೇ ದಿನ, ಒಬ್ಬರ ಹಬ್ಬ ಇನ್ನೊಬ್ಬರ ಶೋಕ. ತಾರೀಖು ಬದಲಿಸಿ ಅಂತ ಅವರು ವರ್ಷಾ ವರ್ಷಾ ಬೀದಿಗೆ ಬರ್ತಾರೆ, ಬದಲಾಗಿಲ್ಲ. ಬದಲಿಸಲೇಬೇಕು ಅನ್ನೋರ ಪರ ನಾನು.

ಬದಲಿಸೋದು ಅಷ್ಟೇನೂ ಕಷ್ಟದ ಕೆಲಸ ಅಲ್ಲ ಅನ್ನೋದಕ್ಕೆ ನಮ್ಮಲ್ಲೇ ಒಂದು ಸಣ್ಣ ಉದಾಹರಣೆ ಇದೆ. 1924ರಲ್ಲಿ ಮಿಲಾನ್‌ನಲ್ಲಿ ಸೇರಿದ ಉಳಿತಾಯ ಬ್ಯಾಂಕುಗಳ ಸಮ್ಮೇಳನ ಅಕ್ಟೋಬರ್ 31ನ್ನ ವಿಶ್ವ ಉಳಿತಾಯ ದಿನ ಅಂತ ಮಾಡ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆ ಆಯ್ತು, ಅದಾದ ಮೇಲೆ ಭಾರತದಲ್ಲಿ ಉಳಿತಾಯ ದಿನವನ್ನ ಒಂದು ದಿನ ಹಿಂದೆ, ಅಕ್ಟೋಬರ್ 30ಕ್ಕೆ ತಂದ್ರು. ಯಾರಿಗೂ ಏನೂ ನಷ್ಟ ಆಗಲಿಲ್ಲ. ಅದೇ 31 ಸರ್ದಾರ್ ಪಟೇಲರು ಹುಟ್ಟಿದ ದಿನ, 2014ರಿಂದ ರಾಷ್ಟ್ರೀಯ ಏಕತಾ ದಿನ. ಯಾರನ್ನ ಯಾರು ಮರೆತ್ರು ಅಂತ ಅವತ್ತು ಪಕ್ಷಗಳ ನಡುವೆ ನಡೆಯೋ ಜಗಳ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಒಬ್ಬರ ಹುಟ್ಟು, ಒಬ್ಬರ ಸಾವು, ಇಬ್ಬರಿಗೂ ತಲೆ ಬಾಗಿಸೋಕೆ ಇಪ್ಪತ್ನಾಲ್ಕು ಗಂಟೆ ಸಾಲದಾ?

ಆಗಸ್ಟ್ 9ರ ಬಗ್ಗೆ ಹೇಳದೆ ಇರೋಕಾಗಲ್ಲ. 1945ರಲ್ಲಿ ನಾಗಸಾಕಿ ಮೇಲೆ ಬಾಂಬ್ ಬಿದ್ದ ದಿನ. 1942ರಲ್ಲಿ ನಮ್ಮ ಕ್ವಿಟ್ ಇಂಡಿಯಾ ನಾಯಕರನ್ನೆಲ್ಲ ಬೆಳಗಾಗೋ ಮೊದಲೇ ಬಂಧಿಸಿ, ಜನ ತಾವೇ ಬೀದಿಗಿಳಿದ ದಿನ. 1965ರಲ್ಲಿ ಸಿಂಗಾಪುರ ಮಲೇಷಿಯಾದಿಂದ ಬೇರೆಯಾದ ದಿನ, ಅವರ ರಾಷ್ಟ್ರೀಯ ದಿನ. 1956ರಲ್ಲಿ ಸುಮಾರು 20 ಸಾವಿರ ಹೆಂಗಸರು ಪ್ರಿಟೋರಿಯಾದ ಸರ್ಕಾರಿ ಸೌಧಕ್ಕೆ ನಡ್ಕೊಂಡು ಹೋದ ದಿನ, ಅದೇ ಪಾಸ್ ಕಾನೂನಿನ ವಿರುದ್ಧ, ಶಾರ್ಪ್‌ವಿಲ್‌ಗಿಂತ ನಾಲ್ಕು ವರ್ಷ ಮೊದಲು, ಅದಕ್ಕೇ ದಕ್ಷಿಣ ಆಫ್ರಿಕಾದಲ್ಲಿ ಅದು ಮಹಿಳಾ ದಿನ. ಮತ್ತೆ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಬಗೆಗಿನ ಕಾರ್ಯಗುಂಪು 1982ರಲ್ಲಿ ಮೊದಲ ಸಲ ಸಭೆ ಸೇರಿದ ದಿನ, ಹಾಗಾಗಿ ವಿಶ್ವ ಮೂಲನಿವಾಸಿಗಳ ದಿನ, ನಮ್ಮ ಆದಿವಾಸಿಗಳು ಈಗ ಅದನ್ನ ಬಹಳ ಪ್ರೀತಿಯಿಂದ ಆಚರಿಸ್ತಾರೆ. ಇದರಲ್ಲಿ ಯಾವುದನ್ನ ಪಕ್ಕಕ್ಕಿಡ್ತೀರಿ? ಒಂದನ್ನೂ ಇಡೋಕಾಗಲ್ಲ. ಆದರೆ ನಾಗಸಾಕಿಗೆ ಒಂದು ನಿಮಿಷ ಕೊಟ್ಟು ಆಮೇಲೆ ಹಾಡು ಕುಣಿತ ಶುರು ಮಾಡಬಹುದು.

ಏಪ್ರಿಲ್ 7 ವಿಶ್ವ ಆರೋಗ್ಯ ದಿನ, ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಅಸ್ತಿತ್ವಕ್ಕೆ ಬಂದ ದಿನ. ಅದೇ ಏಪ್ರಿಲ್ 7 ವಿಶ್ವಸಂಸ್ಥೆಯ ಪಟ್ಟಿಯಲ್ಲಿ ರುವಾಂಡಾ ನರಮೇಧದ ಸ್ಮರಣೆಯ ದಿನ. 1994ರಲ್ಲಿ ಅವತ್ತು ಶುರುವಾಗಿ ನೂರು ದಿನದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರನ್ನ ಕೊಂದ್ರು, ಬಹುತೇಕ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರನ್ನ, ಎಷ್ಟೋ ಕಡೆ ಅಕ್ಕಪಕ್ಕದ ಮನೆಯವರೇ. ಡಾಕ್ಟರುಗಳು, ನರ್ಸುಗಳು ಸತ್ರು, ಕೆಲವರು ಕೊಂದವರ ಜೊತೆ ಸೇರಿದ್ರು, ಆಸ್ಪತ್ರೆಗಳು ಹಾಳಾದ್ವು. ಅಂಥ ದೇಶ ಆಮೇಲೆ ಹಳ್ಳಿ ಹಳ್ಳಿಗೂ ಆರೋಗ್ಯ ಕಾರ್ಯಕರ್ತರನ್ನ ಇಟ್ಟು, ಸಮುದಾಯ ಆರೋಗ್ಯ ವಿಮೆ ತಂದು, ಜನರಲ್ಲಿ ಹೆಚ್ಚಿನವರನ್ನ ಅದರೊಳಗೆ ಸೇರಿಸ್ತು. ಆರೋಗ್ಯ ದಿನದ ಭಾಷಣಕ್ಕೆ ಇದಕ್ಕಿಂತ ದೊಡ್ಡ ವಿಷಯ ನನಗಂತೂ ಗೊತ್ತಿಲ್ಲ, ಆದರೂ ಆ ದಿನದ ಪೋಸ್ಟರುಗಳಲ್ಲಿ ಬರೀ ವಾಕಿಂಗ್ ಮಾಡಿ, ತರಕಾರಿ ತಿನ್ನಿ ಅಂತ ಇರುತ್ತೆ.

ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಈಗಲೇ ಇನ್ನೂರಕ್ಕೂ ಹೆಚ್ಚು ದಿನಗಳಿವೆ, ಜೊತೆಗೆ ಒಂದೊಂದು ದೇಶದ್ದು ಬೇರೆ, ಹಾಗಾಗಿ ಒಂದರ ಮೇಲೊಂದು ಬೀಳೋದನ್ನ ಯಾರೂ ತಪ್ಪಿಸೋಕಾಗಲ್ಲ. ಆದರೆ ಶಾಲೆ, ಕಾಲೇಜು, ಆಫೀಸುಗಳಲ್ಲಿ ವರ್ಷದ ಆಚರಣೆಗಳ ಪಟ್ಟಿ ಮಾಡೋರಿಗೆ, ಪೇಜ್ ನಡೆಸೋರಿಗೆ ಒಂದು ವಿನಂತಿ. ದಿನದ ಹೆಸರಿನ ಪಕ್ಕ ಇನ್ನೊಂದು ಕಾಲಂ ಹಾಕಿ, ಈ ತಾರೀಖು ಯಾಕೆ ಅಂತ ಬರೀರಿ, ಮತ್ತೆ ಅವತ್ತೇ ಬರೋ ಇನ್ನೊಂದು ದಿನದ ಹೆಸರೂ ಇರಲಿ. ಹೊಸ ಕಾರ್ಯಕ್ರಮಕ್ಕೆ ದಿನ ಗೊತ್ತು ಮಾಡೋ ಮೊದಲು ಆ ಕಾಲಂ ಒಮ್ಮೆ ನೋಡಿ, ಅಲ್ಲಿ ಯಾರದಾದ್ರೂ ಸಾವಿನ ನೆನಪಿದ್ರೆ, ನಿಮ್ಮ ದಿನಕ್ಕೆ ಅಂಥ ಕಾರಣ ಏನೂ ಇಲ್ಲದಿದ್ರೆ, ಒಂದು ದಿನ ಹಿಂದೆ ಮುಂದೆ ಮಾಡ್ಕೊಳ್ಳಿ. ಮುಂದಿನ ಏಪ್ರಿಲ್ 7ಕ್ಕೆ ಆರೋಗ್ಯ ಶಿಬಿರ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಕಾಮೆಂಟಲ್ಲಿ ಹೇಳಿ, ರುವಾಂಡಾ ಬಗ್ಗೆ ಒಂದು ಪುಟದ ಬರಹ ನಾನೇ ಬರೆದುಕೊಡ್ತೀನಿ, ಶಿಬಿರ ಶುರುವಾಗೋ ಮೊದಲು ಯಾರಾದ್ರೂ ಒಬ್ಬರು ಓದಿದ್ರೆ ಸಾಕು.