ಸಹಾನುಭೂತಿಗೆ 5 ಅಂಕ

ಇವತ್ತು ಕಿರುಪರೀಕ್ಷೆಯ ಮೇಲ್ವಿಚಾರಣೆ ನನ್ನದಿತ್ತು. ವಿಷಯ ಜೀವನ ಕೌಶಲ. ಮೊದಲ ಪ್ರಶ್ನೆಯೇ ‘ಸಹಾನುಭೂತಿ ಎಂದರೇನು? ಅದರ ಲಕ್ಷಣಗಳನ್ನು ವಿವರಿಸಿ.’ 5 ಅಂಕ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಅಳುತ್ತಿದ್ದಳು. ಪಕ್ಕದವಳು ತಲೆಯೆತ್ತದೆ ನೋಟ್ಸಿನಲ್ಲಿದ್ದ ಲಕ್ಷಣಗಳನ್ನು ಒಂದೊಂದಾಗಿ ಬರೆಯುತ್ತಲೇ ಇದ್ದಳು.

ಅವಳನ್ನು ದೂರುವ ಯೋಗ್ಯತೆ ನನಗಿಲ್ಲ. ನಾನಾದರೂ ಹೋಗಿ ಹೇಳಿದ್ದೇನು? ‘ಸಮಯ ಹೋಗುತ್ತಿದೆ, ಬರೆಯಮ್ಮ.’ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಭಾವನೆಗಳನ್ನು ನಿಭಾಯಿಸುವುದು, ಒತ್ತಡ ತಾಳಿಕೊಳ್ಳುವುದು, ಇನ್ನೊಬ್ಬರ ನೋವು ತಿಳಿಯುವುದು ಸೇರಿದಂತೆ 10 ಜೀವನ ಕೌಶಲಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹೆಸರಿಸಿತ್ತು. ಗುಂಪು ಚರ್ಚೆ, ಪಾತ್ರಾಭಿನಯಗಳ ಮೂಲಕ ಇವನ್ನು ಕಲಿಸಬೇಕೆಂದೂ ಹೇಳಿತ್ತು. 2019ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಪದವಿ ವಿದ್ಯಾರ್ಥಿಗಳಿಗೆ ‘ಜೀವನ ಕೌಶಲ’ ಪಠ್ಯಕ್ರಮ ತಂದಾಗ ನಾನು ಎಷ್ಟು ಸಂಭ್ರಮಪಟ್ಟಿದ್ದೆ! ಅದು ನಮ್ಮ ತರಗತಿಗೆ ಬರುವ ಹೊತ್ತಿಗೆ ಉಳಿದದ್ದು ಉಕ್ತಲೇಖನ. ಕಾರ್ಯಭಾರ ಕಡಿಮೆಯಿರುವ ಯಾರೋ ಅಧ್ಯಾಪಕರಿಗೆ ಹಂಚುವ ವಿಷಯ, ಒಂದೇ ಕೊಠಡಿಯಲ್ಲಿ 80 ಮಕ್ಕಳು, ಹೇಳಿ ಬರೆಸುವ ವ್ಯಾಖ್ಯಾನ. ಸಹಾನುಭೂತಿಯನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ!

‘ಅಂಕವಿಲ್ಲದಿದ್ದರೆ ಮಕ್ಕಳು ತರಗತಿಗೇ ಬರುವುದಿಲ್ಲ’ ಎನ್ನುತ್ತಾರೆ ಸಹೋದ್ಯೋಗಿಗಳು. ಬರುವುದಿಲ್ಲವೇನೋ. ಆದರೆ ಇದೇ ಮಕ್ಕಳನ್ನು ನಾನು ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಶಿಬಿರದಲ್ಲಿ ನೋಡಿದ್ದೇನೆ. 7 ದಿನ ಹಳ್ಳಿಯ ಶಾಲೆಯ ನೆಲದ ಮೇಲೆ ಮಲಗಿ, ಸರದಿಯಂತೆ ಅಡುಗೆ ಮಾಡಿ, ಉಪ್ಪು ಹೆಚ್ಚಾಯಿತೆಂದು ಜಗಳವಾಡಿ, ಮರುದಿನ ಒಂದೇ ತಟ್ಟೆಯಲ್ಲಿ ಉಂಡವರು. ಜ್ವರ ಬಂದ ಗೆಳೆಯನ ಹಣೆಗೆ ರಾತ್ರಿಯಿಡೀ ಒದ್ದೆಬಟ್ಟೆ ಹಾಕಿದವನು ನನ್ನ ತರಗತಿಯಲ್ಲಿ ಸದಾ ಕೊನೆಯ ಬೆಂಚಿನಲ್ಲಿ ಕೂರುವವನು. ಆ ವರ್ಷ ಅವನು ಈ ಪತ್ರಿಕೆಯಲ್ಲಿ ಫೇಲಾದ. ಅಂಕ ಹಾಕಿದ್ದು ನಾನೇ.

100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮಲ್ಲಿ ‘ಆಪ್ತಸಮಾಲೋಚನೆ’ ಎಂಬ ಫಲಕವಿರುವ ಕೋಣೆಯ ತುಂಬ ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳಿವೆ. ಅಳುವ ಮಗುವನ್ನು ಕರೆದು ಕೂರಿಸಲು ಒಂದು ಕುರ್ಚಿಗೂ ಜಾಗವಿಲ್ಲ. ಕೌಶಲ ಕಲಿಸುವ ಮಾತು ಹಾಗಿರಲಿ, ಮೊದಲು ಆ ಕಟ್ಟುಗಳನ್ನು ಹೊರಗೆ ಹಾಕಿ ಸ್ವಾಮಿ!

ಗಂಟೆ ಬಾರಿಸಿದ ಮೇಲೆ ಆ ಹುಡುಗಿಯನ್ನು ಹುಡುಕಿಕೊಂಡು ಬಸ್ ನಿಲ್ದಾಣದವರೆಗೂ ಹೋದೆ. ಬಸ್ ಹೊರಟುಹೋಗಿತ್ತು. ಅವಳ ಖಾಲಿ ಉತ್ತರ ಪತ್ರಿಕೆ ನನ್ನ ಮೇಜಿನ ಮೇಲಿದೆ. ನಾಳೆಯೊಳಗೆ ಅಂಕ ಒಪ್ಪಿಸಬೇಕು. ಸೊನ್ನೆ ಬರೆಯಲು ಕೈ ಬರುತ್ತಿಲ್ಲ.