ಎಫ್‌ನ ಬೆಲೆ ಎರಡೂವರೆ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ನನಗೆ ಮೊದಲ ತಿಂಗಳು ತರಗತಿಯಲ್ಲಿ ಅರ್ಥವಾಗುತ್ತಿದ್ದುದು ಹಾಜರಿ ಕೂಗುವುದು ಮಾತ್ರ. ಅಂಥದ್ದೊಂದು ದಿನ ಗಣಿತದ ಮೇಷ್ಟ್ರು ಹಲಗೆಯ ಮೇಲೆ ಎಫ್(ಎಕ್ಸ್) = ಎಕ್ಸ್² + 1 ಎಂದು ಬರೆದು, ಎಫ್(2) ಎಷ್ಟು ಎಂದು ನನ್ನನ್ನೇ ಎಬ್ಬಿಸಿದರು. ಎಕ್ಸ್ ಇದ್ದಲ್ಲಿ 2 ಹಾಕಿದೆ, ಬಲಗಡೆ 5 ಬಂತು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಆವರಣದ ಪಕ್ಕ ಅಕ್ಷರವಿದ್ದರೆ ಗುಣಾಕಾರ ಎಂದು ಕಲಿತವನು ನಾನು. ಎಡಗಡೆಯ 2 ಅನ್ನು ಬಲಕ್ಕೆ ದಾಟಿಸಿ ಭಾಗಿಸಿ, “ಎಫ್ ಎಂದರೆ ಎರಡೂವರೆ ಸಾರ್” ಎಂದೆ.

ಮೇಷ್ಟ್ರು ಶಾಂತವಾಗಿ, “ಹಾಗಾದರೆ ಎಫ್(3)?” ಎಂದರು. ಹತ್ತನ್ನು ಮೂರರಿಂದ ಭಾಗಿಸಿದೆ. ಒಂದೇ ನಿಮಿಷದಲ್ಲಿ ಎಫ್‌ನ ಬೆಲೆ ಮೂರು ದಾಟಿತ್ತು. ಟೊಮೆಟೊ ಕೂಡ ಅಷ್ಟು ಬೇಗ ಏರುವುದಿಲ್ಲ. ವರ್ಷವಿಡೀ ನನಗೆ ‘ಎರಡೂವರೆ’ ಎಂಬ ಹೆಸರೇ ಕಾಯಂ ಆಯಿತು. ಈ ಬರವಣಿಗೆಯನ್ನು 1734ರಲ್ಲಿ ಬಳಕೆಗೆ ತಂದ ಗಣಿತಜ್ಞ ಆಯ್ಲರ್ ಮಹಾಶಯರು, ಗುಣಿಸುವಾಗಲೂ ಬಳಸುವ ಆವರಣವನ್ನೇ ಯಾಕೆ ಆರಿಸಿಕೊಂಡರೋ ಎಂದು ನಾನು ಈಗಲೂ ಗೊಣಗುವುದುಂಟು.

ಈಗ ಮಗಳು ಪ್ರಥಮ ಪಿಯುಸಿ. ಮೊನ್ನೆ ಪುಸ್ತಕ ಹಿಡಿದು ಬಂದಳು. ಗಾಯಗೊಂಡವನೇ ಒಳ್ಳೆಯ ವೈದ್ಯ ಎಂಬ ಹುಮ್ಮಸ್ಸಿನಲ್ಲಿ, “ಎಫ್ ಎಂದರೆ ಸಂಖ್ಯೆಯಲ್ಲ, ಫಂಕ್ಷನ್. ಅದೊಂದು ಹಿಟ್ಟಿನ ಗಿರಣಿ. ಆವರಣದೊಳಗಿರುವುದು ನಾವು ಸುರಿಯುವ ರಾಗಿ. ಗಿರಣಿ ಏನೇನು ಒಪ್ಪಿಕೊಳ್ಳುತ್ತದೋ ಅದೆಲ್ಲ ಅದರ ಡೊಮೈನ್. ಗಿರಣಿಯನ್ನು ರಾಗಿಯಿಂದ ಯಾರಾದರೂ ಗುಣಿಸುತ್ತಾರೆಯೇ?” ಎಂದೆ.

“ಹಾಗಾದರೆ ಎಫ್(1+1) ಎಂದರೆ ಎಫ್(1) + ಎಫ್(1) ಅಲ್ಲವೇ ಅಪ್ಪಾ? ಒಂದೊಂದೇ ಸೇರು ಬೀಸಿದರೂ ಎರಡು ಸೇರು ಒಟ್ಟಿಗೆ ಬೀಸಿದರೂ ಹಿಟ್ಟು ಅಷ್ಟೇ.”

ಶಹಬ್ಬಾಸ್ ಎಂದು ಬೆನ್ನು ತಟ್ಟಿದೆ. ಮರುದಿನ ಅವಳ ಪುಸ್ತಕದಲ್ಲಿ ಕೆಂಪು ಶಾಯಿ. ಲೆಕ್ಕ ಅದೇ ಎಕ್ಸ್² + 1. ಎಫ್(2) ಐದು, ಎಫ್(1) ಎರಡರಂತೆ ಎರಡು ಸಲ ಕೂಡಿದರೆ ನಾಲ್ಕೇ. ನನ್ನ ಗಿರಣಿ ಒಂದು ಸೇರು ನುಂಗಿಹಾಕಿತ್ತು.

ಭಾನುವಾರ ಇಬ್ಬರೂ ಎರಡು ಕಿಲೋಮೀಟರ್ ದೂರದ ನೆಂಟರ ಮನೆಗೆ ಹೊರಟೆವು. ಬೆಂಗಳೂರಿನ ಆಟೊ ಮೀಟರಿನಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅರ್ಧ ದಾರಿಯಲ್ಲಿ ಹಣ್ಣು ನೆನಪಾಗಿ ಇಳಿದೆ, 36 ಕೊಟ್ಟೆ. ಬಾಳೆಹಣ್ಣಿನ ಚೌಕಾಸಿ ಮುಗಿಸಿ ಇನ್ನೊಂದು ಆಟೊ ಹತ್ತಿ, ಮತ್ತೆ 36 ಕೊಟ್ಟೆ. ಚೌಕಾಸಿಯಲ್ಲಿ ಉಳಿಸಿದ್ದು ಐದು ರೂಪಾಯಿ.

“ಎಫ್(1) + ಎಫ್(1), ಎಪ್ಪತ್ತೆರಡು. ಎಫ್(2) ಬರೀ ಮೂವತ್ತಾರು,” ಎಂದಳು ಮಗಳು. “ಈಗ ಅರ್ಥವಾಯಿತು ಅಪ್ಪಾ.”

ನೆಂಟರ ಮನೆಯಿಂದ ಹೊರಡುವಾಗ ರಾತ್ರಿ ಹತ್ತು ದಾಟಿತ್ತು. ಮೀಟರಿನ ಮೇಲೆ ಅರ್ಧ ಹೆಚ್ಚು ಕೊಡುವ ಹೊತ್ತು. ಬ್ರಾಕೆಟ್ಟಿನ ಹೊರಗೆ ಒಂದೂವರೆ, ಇಲ್ಲಿ ಮಾತ್ರ ನಿಜವಾದ ಗುಣಾಕಾರ ಎಂದು ವಿವರಿಸುತ್ತ ಆಟೊಗೆ ಕೈ ತೋರಿಸಿದೆ. ಚಾಲಕರು ನಮ್ಮ ಬಡಾವಣೆಯ ಹೆಸರು ಕೇಳಿ ತಲೆಯಾಡಿಸಿ ಹೊರಟೇಬಿಟ್ಟರು.

“ನಮ್ಮ ಮನೆ ಇವರ ಡೊಮೈನಿನಲ್ಲಿಲ್ಲ,” ಎಂದು ಮಗಳು ನಡೆಯತೊಡಗಿದಳು. ಹಣ್ಣಿನ ಖಾಲಿ ಚೀಲ ಮಡಚಿಕೊಂಡು ನಾನೂ ಹಿಂದೆ ಹೊರಟೆ.